ತವರಿನಲ್ಲಿ ಉಳಿದ ಧ್ವನಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡುವೆ ಎಲ್ಲಾದರೂ ದನಿ ಏರಿದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಅದರಲ್ಲೂ ಯಾರಾದರೂ ಪಕ್ಕಕ್ಕೆ ಕರೆದು, ಕಣ್ಣು ಮಿಟುಕಿಸಿ, "ನಿಜ ಹೇಳಿ, ನಿಮ್ಮ ಭಾವನ ಪದ್ಯಗಳನ್ನೂ ನೀವೇ ಬರ್ಕೊಟ್ಟಿದ್ದಲ್ವಾ?" ಎಂದು ಕೇಳಿದರೆ ಪಿತ್ತ ನೆತ್ತಿಗೇರುತ್ತಿತ್ತು. ನನಗೆ ಪದ್ಯ ಎಂದರೆ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದೇ ನೆನಪು. ಬರೆಯುವುದಿರಲಿ, ನಾಲ್ಕು ಸಾಲು ಬಾಯಿಪಾಠ ಮಾಡುವುದಕ್ಕೂ ನನ್ನಿಂದ ಆಗುತ್ತಿರಲಿಲ್ಲ.

ಆದರೂ ಸಿನಿಮಾದ ಜನ ಕೇಳುತ್ತಿದ್ದರು. ಕೇಳುವುದಕ್ಕೆ ಕಾರಣವೂ ಇತ್ತು ಅನ್ನಿ. ನನ್ನ ಅಕ್ಕನ ಗಂಡ ಸಿನಿಮಾ ನಟ. ಊರಿಗೆಲ್ಲ ಅವರು ಗುಡುಗಪ್ಪ. ತೆರೆಯ ಮೇಲೆ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತು ಅವರು "ನಿಲ್ಲಿಸಿ!" ಎಂದು ಗರ್ಜಿಸಿದರೆ, ಚಿತ್ರಮಂದಿರದ ಹಿಂದಿನ ಸಾಲಿನಲ್ಲಿ ಗುಸುಗುಸು ಎನ್ನುತ್ತಿದ್ದವರೂ ಬಾಯಿ ಮುಚ್ಚುತ್ತಿದ್ದರು. ಆ ಗುಡುಗು ನನ್ನದು. ಮುಖ ಅವರದು, ಧ್ವನಿ ನನ್ನದು. ಮೊದಲ ಸಿನಿಮಾದಿಂದ ಹಿಡಿದು ಅವರ ತುಟಿಗೆಲ್ಲ ಮಾತು ಕೂರಿಸಿದವನು ನಾನು. ಸಿನಿಮಾದವರಿಗೆ ಇದು ಗೊತ್ತಿತ್ತು, ನೋಡುವ ಜನಕ್ಕೆ ಗೊತ್ತಿರಲಿಲ್ಲ. ಪರದೆಯ ಮೇಲೆ ಅಡುಗೆಯವರ ಹೆಸರು ಬರುತ್ತಿತ್ತು, ನನ್ನ ಹೆಸರು ಬರುತ್ತಿರಲಿಲ್ಲ.

ಭಾವ ಮೊದಲು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಒಬ್ಬ ನಿರ್ದೇಶಕರು ಹೊಸ ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿದರು. ಕನ್ನಡಿಯಲ್ಲಿ ತಮ್ಮ ಮುಖದ ಹಿಂದೆ ಭಾವನ ಮುಖ ಕಂಡಿತು. "ಕನ್ನಡಕ ಇರ್ಲಿ, ಈ ಮುಖ ಎಷ್ಟಕ್ಕೆ ಕೊಡ್ತೀರಿ?" ಎಂದರಂತೆ. ಮುಖ ಹಾಗಿತ್ತು. ಅಗಲ ಹಣೆ, ನೇರ ಮೂಗು, ಸುಮ್ಮನೆ ಕೂತರೂ ಏನೋ ತೀರ್ಮಾನ ಮಾಡುತ್ತಿದ್ದಾರೆ ಅನ್ನಿಸುವ ಕಣ್ಣು. ಆದರೆ ದೇವರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿದ್ದ. ಧ್ವನಿ ಎಣ್ಣೆ ಕಾಣದ ಬಾಗಿಲಿನಂತೆ ಕಿರ್ರೆನ್ನುತ್ತಿತ್ತು. ವಾಕ್ಯದ ನಡುವೆ ಒಡೆದು, ಮೇಲಕ್ಕೆ ಹಾರಿ, ಮತ್ತೆ ಇಳಿಯುತ್ತಿತ್ತು.

ಮೊದಲ ದಿನದ ಚಿತ್ರೀಕರಣದಲ್ಲಿ ಅವರ ಮಾತು, "ಹೆಜ್ಜೆ ಮುಂದಿಟ್ರೆ ಹುಷಾರ್!" ಮೀಸೆ ತಿರುವಿ, ಎದೆ ಉಬ್ಬಿಸಿ ಹೇಳಿದರು. ದೀಪ ಹಿಡಿದವನೊಬ್ಬ ಏಣಿಯ ಮೇಲಿಂದ ಬೀಳುವುದೊಂದು ಬಾಕಿ, ಅಷ್ಟು ನಕ್ಕ. ನಿರ್ದೇಶಕರು ಭಾವನ ಹೆಗಲ ಮೇಲೆ ಕೈಹಾಕಿ, "ನೀವು ತುಟಿ ಮಾತ್ರ ಆಡ್ಸಿ ಸಾರ್. ಶಬ್ದ ಆಮೇಲೆ ಹಾಕ್ಕೊಳ್ತೀವಿ" ಎಂದರು. ಅವತ್ತೇ ಕೊನೆ, ಮತ್ತೆಂದೂ ಕ್ಯಾಮೆರಾದ ಮುಂದೆ ಭಾವ ಬಾಯಿಂದ ಶಬ್ದ ಹೊರಡಿಸಲಿಲ್ಲ. ತುಟಿ ಆಡುತ್ತಿತ್ತು, ಕಣ್ಣು ಉರಿಯುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಗಂಟಲಲ್ಲಿ ಮಾತ್ರ ಏನೂ ಇಲ್ಲ. ಎದುರಿನ ನಟರಿಗೆ ಮಾತು ಕೇಳಬೇಕಲ್ಲ? ಅದಕ್ಕೆ ಸಹಾಯಕನೊಬ್ಬ ಕ್ಯಾಮೆರಾದ ಪಕ್ಕ ನಿಂತು ಭಾವನ ಮಾತನ್ನು ಗಟ್ಟಿಯಾಗಿ ಓದುತ್ತಿದ್ದ.

ಆಗ ನಾನು ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವ ಕೆಲಸದಲ್ಲಿದ್ದೆ. ನಾನು ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದರೆ ನಿದ್ದೆಯಲ್ಲಿದ್ದವರೂ ಎದ್ದು ಗಂಟುಮೂಟೆ ಹಿಡಿಯುತ್ತಿದ್ದರು. ಜ್ವರವಿದ್ದಾಗಲೂ ನನ್ನ ಗಂಟಲು ಕೈಕೊಟ್ಟದ್ದಿಲ್ಲ. ಅಕ್ಕ ಒಂದು ಮಧ್ಯಾಹ್ನ ನೇರ ನಿಲ್ದಾಣಕ್ಕೇ ಬಂದು, "ಲೋ, ನಿಮ್ಮ ಭಾವನಿಗೆ ಮಾತು ಬೇಕಂತೆ, ನಡಿ" ಎಂದು ನನ್ನನ್ನು ಎಳೆದುಕೊಂಡು ಹೋದಳು. ಅಲ್ಲಿಂದ ಶುರು. ಅಕ್ಕ ನೆಂಟರ ಮುಂದೆಲ್ಲ ಹೇಳುತ್ತಿದ್ದಳು: "ನಾನು ಮದುವೆ ಆಗಿದ್ದು ಬಾಯಿನ. ಧ್ವನಿ ತವರುಮನೇಲೇ ಉಳ್ಕೊಂಡ್ತು."

ಡಬ್ಬಿಂಗ್ ಕೋಣೆ ಎಂದರೆ ಕಿಟಕಿಯಿಲ್ಲದ ಕೋಣೆ. ಗೋಡೆಗೆಲ್ಲ ಕಂಬಳಿ ಹೊಡೆದಿರುತ್ತಾರೆ. ಎದುರಿಗೆ ಪರದೆ, ಕಿವಿಗೆ ಹೆಡ್‌ಫೋನ್. ತೆರೆಯ ಮೇಲೆ ಅದೇ ದೃಶ್ಯ ಮತ್ತೆ ಮತ್ತೆ ಓಡುತ್ತದೆ. ತುಟಿ ತೆರೆದಾಗ ತೆರೆಯಬೇಕು, ಮುಚ್ಚಿದಾಗ ಮುಚ್ಚಬೇಕು. ಮಾತಿಗಿಂತ ಮೊದಲು ಉಸಿರು ಹಿಡಿಯಬೇಕು. ನನ್ನ ಹೆಂಡತಿಯ ಮುಖಕ್ಕಿಂತ ಹೆಚ್ಚು ಹೊತ್ತು ನಾನು ಭಾವನ ತುಟಿ ನೋಡಿದ್ದೇನೆ. ಅವರು ಸುಳ್ಳು ಹೇಳುವಾಗ ಕೆಳತುಟಿ ಎಡಕ್ಕೆ ಸರಿಯುತ್ತದೆ, ನಿಜ ಹೇಳುವಾಗ ಸರಿಯುವುದಿಲ್ಲ. ಇದು ಅಕ್ಕನಿಗೂ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ, ಭಾವನ ಸಂಸಾರ ಚೆನ್ನಾಗಿರಲಿ ಎಂದು.

ಪಾತ್ರಗಳು ಬಂದವು. ನಾಯಕನ ಅಣ್ಣ, ಪೊಲೀಸ್ ಅಧಿಕಾರಿ, ಸಾಯುವ ತಂದೆ, ನ್ಯಾಯಾಧೀಶ, ಮತ್ತೆ ಸಾಯುವ ತಂದೆ. ಗುಡುಗಪ್ಪ ಎಂಬ ಹೆಸರು ಬಿತ್ತು. ಬಿದ್ದದ್ದೇ ತಡ, ಭಾವನಿಗೆ ವರ್ಷದ ಹನ್ನೆರಡು ತಿಂಗಳೂ ನೆಗಡಿ. ಅಂಗಡಿಗೆ ಸಾಬೂನು ತರಲು ಹೋದರೂ ಸುತ್ತ ಜನ ನಿಂತು "ಗುಡುಗಪ್ಪಾ, ಒಂದು ಡೈಲಾಗ್!" ಎನ್ನುತ್ತಿದ್ದರು. ಇವರು ಗಂಟಲು ಮುಟ್ಟಿ ತೋರಿಸಿ, ತಲೆ ಅಲ್ಲಾಡಿಸಿ, ಸಾಬೂನಿನ ಕಡೆ ಬೆರಳು ಮಾಡುತ್ತಿದ್ದರು. ಸಭೆಗಳಲ್ಲಿ ಕೈಮುಗಿದು ಕೂತುಬಿಡುತ್ತಿದ್ದರು. ಪತ್ರಿಕೆಯವರು "ಮಿತಭಾಷಿ" ಎಂದು ಹೊಗಳಿ ಬರೆದರು. ಮನೆಗೆ ಬಂದ ಮೇಲೆ ಆ ಮಿತಭಾಷಿ ಬಾಯಿ ಬಿಟ್ಟರೆ ಮುಚ್ಚುತ್ತಿರಲಿಲ್ಲ. ದಿನವಿಡೀ ಕೂಡಿಹಾಕಿದ ಮಾತೆಲ್ಲ ಅಕ್ಕನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಆಡುತ್ತಿದ್ದರು, ಆ ಕಿರ್ರೆನ್ನುವ ಧ್ವನಿಯಲ್ಲೇ. ನಮಗೆ ಅದು ಮನೆಯ ಸದ್ದು. ನಗು ಬರುತ್ತಿರಲಿಲ್ಲ.

ಪದ್ಯ ಬರೆಯುತ್ತಿದ್ದದ್ದು ಮಾತ್ರ ಸ್ಟುಡಿಯೋದಲ್ಲಿ. ಮೇಕಪ್ಪಿನ ಕುರ್ಚಿಯಲ್ಲಿ ಕೂತು, ಮುಖಕ್ಕೆ ಬಣ್ಣ ಒಣಗುವವರೆಗೆ, ಡೈಲಾಗ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಸ್ಟುಡಿಯೋದ ಹಿತ್ತಲಿನಲ್ಲಿ ಉಡುಪು ನೋಡಿಕೊಳ್ಳುವವನು ಸತ್ತ ಪಾತ್ರಗಳ ಅಂಗಿಗಳನ್ನು ತೊಳೆದು, ಬಣ್ಣದ ರಕ್ತ ತೆಗೆದು, ತಂತಿಯ ಮೇಲೆ ಒಣಹಾಕುತ್ತಿದ್ದ. ಒಮ್ಮೆ ಭಾವ ಹಾಗೆ ಸತ್ತ ಅಂಗಿಯಲ್ಲೇ ಮರೆತು ಮನೆಗೆ ಬಂದರು. ಗುಂಡಿ ಕಿತ್ತಿತ್ತು, ಎದೆಯ ಮೇಲೆ ಗುಂಡೇಟಿನ ತೂತು. ಅಕ್ಕ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿ, "ಸತ್ತಿದ್ದು ಆಯ್ತಾ? ಕೈಕಾಲು ತೊಳ್ಕೊಂಡು ಬನ್ನಿ, ಊಟಕ್ಕೆ ಹೊತ್ತಾಯ್ತು" ಎಂದಳು. ಅದರ ಮೇಲೂ ಒಂದು ಪದ್ಯವಾಯಿತು.

ಮೊದಲ ಪುಸ್ತಕ ಬಂದಾಗ ಸಿನಿಮಾದವರಷ್ಟೇ ಓದುವ ಒಂದು ಪತ್ರಿಕೆಯವನು ಬರೆದ: "ಮಾತು ಎರವಲು, ಹೊಡೆದಾಟ ಎರವಲು. ಈಗ ಪದ್ಯ! ಇದನ್ನು ಯಾರ ಮನೆಯಿಂದ ತಂದರೋ?" ಅಷ್ಟೇ ಸಾಕಾಯಿತು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎನ್ನುವ ಜನ ಎಲ್ಲ ಕಡೆ ಇರುತ್ತಾರೆ. ಡಬ್ಬಿಂಗ್ ಕೋಣೆಯಲ್ಲಿ ಶಬ್ದ ದಾಖಲಿಸುವವನೇ ನನ್ನನ್ನು ಕೇಳಿದ, "ಪದ್ಯಾನೂ ನಿಂದೇನಾ ಮಾರಾಯ?" ಹೆಡ್‌ಫೋನನ್ನು ಅವನ ತಲೆಯ ಮೇಲೆ ಕುಟ್ಟಬೇಕು ಅನ್ನಿಸಿತು. ಕುಟ್ಟಲಿಲ್ಲ, ದುಬಾರಿ ಸಾಮಾನು.

ಭಾವ ಓದಿ ಪತ್ರಿಕೆ ಮಡಚಿಟ್ಟರು. ಮೀಸೆಯೊಳಗೇ ನಕ್ಕರು. ಆದರೆ ಅಡುಗೆಮನೆಯ ಹೊಸ್ತಿಲಲ್ಲಿ ಮಾತು ನಿಂತಿತು. ಎಷ್ಟೋ ದಿನ ಅಕ್ಕ ಒಬ್ಬಳೇ ಮಾತಾಡಿ, ಒಬ್ಬಳೇ ಉತ್ತರ ಹೇಳಿಕೊಂಡಳು.

ಎರಡನೆಯ ಪುಸ್ತಕದ ಹೊತ್ತಿಗೆ ಪ್ರಕಾಶಕರು ದೊಡ್ಡ ಸಭಾಂಗಣ ಹಿಡಿದರು. ಭಾವನ ಮನೆಯ ಹಜಾರದಲ್ಲಿ ನಮ್ಮಿಬ್ಬರ ಎದುರು ಕೂತು, ಕೈಯುಜ್ಜಿಕೊಳ್ಳುತ್ತಾ ತಮ್ಮ ಉಪಾಯ ಬಿಚ್ಚಿದರು. "ಜನ ಬರೋದು ಆ ಗುಡುಗು ಕೇಳೋಕೆ. ಸಾರ್ ಮೈಕಿನ ಮುಂದೆ ನಿಂತು ತುಟಿ ಆಡ್ಸಲಿ. ಇವರು ಪರದೆ ಹಿಂದೆ ನಿಂತು ಪದ್ಯ ಹೇಳ್ಲಿ. ಯಾರಿಗೆ ಗೊತ್ತಾಗುತ್ತೆ?"

"ನಾನೇ ಓದ್ತೀನಿ" ಎಂದರು ಭಾವ.

ಪ್ರಕಾಶಕರು ಆ ಧ್ವನಿಯನ್ನು ಅವತ್ತೇ ಮೊದಲು ಕೇಳಿದ್ದು. ಅವರ ಮುಖ ನೋಡಬೇಕಿತ್ತು. ನನಗೂ ಒಳಗೆ ಚುರುಕ್ ಎಂದಿತು, ಸುಳ್ಳೇಕೆ ಹೇಳಲಿ. ಪ್ರಕಾಶಕರು ಹೋದ ಮೇಲೆ ಭಾವನ ಮೇಲೆ ಎಗರಾಡಿದೆ.

"ಯಾಕೆ ಭಾವ? ನನ್ನ ಧ್ವನಿ ಇವತ್ತು ಕಹಿ ಆಯ್ತಾ? ನೀವು ಬಾಯಿ ತೆಗೆದ್ರೆ ನಗ್ತಾರೆ. ಏಣಿ ಮೇಲಿನವನು ಒಬ್ಬ ನಕ್ಕಿದ್ದಕ್ಕೇ ಇಡೀ ಜೀವನ ಬಾಯಿ ಮುಚ್ಕೊಂಡ್ರಿ. ಅಲ್ಲಿ ಸಭೆ ತುಂಬ ಇರ್ತಾರೆ!"

"ನಗ್ಲಿ."

"ನಗ್ಲಿ ಅಂದ್ರೆ?"

"ನೋಡೋ, ಸಿನಿಮಾದಲ್ಲಿ ಸತ್ತಿದ್ದು ನಾನು, ಕಿರುಚಿದ್ದು ನೀನು. ನನಗೇನೂ ಬೇಜಾರಿಲ್ಲ, ಆ ಸಾವು ನಮ್ಮಿಬ್ಬರದೂ ಅಲ್ಲ. ಆದ್ರೆ ಇದು ನಂದು. ಇದನ್ನ ನಿನ್ನ ಬಾಯಲ್ಲಿ ಕೇಳಿದ್ರೆ, ಆ ಪತ್ರಿಕೆಯವನು ಬರ್ದಿದ್ದು ನಿಜ ಆಗ್ಬಿಡುತ್ತೆ." ಕೆಳತುಟಿ ಎಡಕ್ಕೆ ಸರಿಯಲಿಲ್ಲ. ನಾನು ನೋಡುತ್ತಲೇ ಇದ್ದೆ. "ಒಂದೇ ಒಂದು ಪದ್ಯ ಓದ್ತೀನಿ. ನಗ್ತಾರೋ, ಉಗೀತಾರೋ, ಮುಗಿಸೇ ಇಳಿಯೋದು. ನೀನು ಕಲಿಸ್ತೀಯೋ ಇಲ್ವೋ ಹೇಳು."

ಕಲಿಸದೆ ಏನು ಮಾಡಲಿ? ಬೈಯುತ್ತಲೇ ಕಲಿಸಿದೆ. ಬೆಳಗ್ಗೆ ಎದ್ದು ಉಸಿರು ಹಿಡಿಯುವುದು, ಹೊಟ್ಟೆಯಿಂದ ದನಿ ತೆಗೆಯುವುದು, ಸಾಲಿನ ಕೊನೆ ನುಂಗದಿರುವುದು. ಅಕ್ಕ ಮನೆಯ ಆ ತುದಿಯಲ್ಲಿ, ಬಟ್ಟೆ ಮಡಚುತ್ತಾ ಕೂರುತ್ತಿದ್ದಳು. ಕೇಳಿಸದಿದ್ದರೆ ಕೈ ಎತ್ತಬೇಕು. ಮೊದಮೊದಲು ಅವಳ ಕೈ ಇಳಿಯಲೇ ಇಲ್ಲ, ಬಟ್ಟೆಯೆಲ್ಲ ಹಾಗೇ ಬಿದ್ದಿತ್ತು. ಧ್ವನಿ ಒಡೆದಾಗಲೆಲ್ಲ ಭಾವ ನಿಲ್ಲಿಸಿ, ನೀರು ಕುಡಿದು, ಮತ್ತೆ ಮೊದಲ ಸಾಲಿಗೆ ಹೋಗುತ್ತಿದ್ದರು. "ಒಡೆದ್ರೆ ಒಡೀಲಿ, ಮುಂದಕ್ಕೆ ಹೋಗಿ" ಎಂದು ನಾನು ಕಿರುಚುತ್ತಿದ್ದೆ. ಬಿಡದ ಮನುಷ್ಯ. ಆನೆ ನಡೆದದ್ದೇ ದಾರಿ ಎಂಬಂತೆ ಒಂದೇ ಸಮನೆ ನಡೆದರು. ಧ್ವನಿ ಚೆಂದವಾಯಿತು ಎಂದು ನಾನು ಹೇಳುವುದಿಲ್ಲ. ಕಿರ್ರೆನ್ನುವುದು ಹೋಗಲಿಲ್ಲ. ಆದರೆ ಗಟ್ಟಿಯಾಯಿತು. ಕಾರ್ಯಕ್ರಮದ ಹಿಂದಿನ ದಿನ ಪದ್ಯ ಪೂರ್ತಿ ಮುಗಿಯುವವರೆಗೆ ಅಕ್ಕ ಕೈ ಎತ್ತಲಿಲ್ಲ. ಬಟ್ಟೆಯೂ ಮಡಚಿ ಮುಗಿದಿತ್ತು.

ಮಾರನೆಯ ದಿನ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಗೋಡೆಗೆ ಒರಗಿ ನಿಂತವರು, ಮೆಟ್ಟಿಲ ಮೇಲೆ ಕೂತವರು. ಮುಂದಿನ ಸಾಲಿನಲ್ಲಿ ಆ ಪತ್ರಿಕೆಯವನು, ಕಾಲ ಮೇಲೆ ಕಾಲು. ನಾನು, ಅಕ್ಕ ಪಕ್ಕದ ಸಾಲಿನ ತುದಿಯಲ್ಲಿ. ಎಲ್ಲ ಸರಿಯಾಗಿಯೇ ಇರುತ್ತಿತ್ತು, ಪ್ರಕಾಶಕರು ಒಂದು ಅತಿಬುದ್ಧಿ ಮಾಡದಿದ್ದರೆ. ನೆನಪಿಗಿರಲಿ ಎಂದು ಸ್ಟುಡಿಯೋದಿಂದ ಒಬ್ಬ ಕ್ಯಾಮೆರಾದವನನ್ನು, ಎರಡು ದೊಡ್ಡ ದೀಪಗಳ ಸಮೇತ, ಕರೆಸಿದ್ದರು.

ಭಾವ ಮೈಕಿನ ಮುಂದೆ ಬಂದು ನಿಂತರು. ಹಾಳೆ ಇರಲಿಲ್ಲ, ಪದ್ಯ ಬಾಯಲ್ಲೇ ಇತ್ತು. ದೀಪಗಳು ಹತ್ತಿದವು. ಕ್ಯಾಮೆರಾದವನು ಹುಟ್ಟುಗುಣದಂತೆ ಕೈ ಎತ್ತಿ, "ರೆಡಿ... ಆಕ್ಷನ್!" ಎಂದ.

ಭಾವನ ಮುಖಕ್ಕೆ ಕಳೆ ಬಂತು. ಹಣೆ ಬಿಗಿಯಿತು, ಕಣ್ಣು ಹೊಳೆಯಿತು, ತುಟಿ ಆಡತೊಡಗಿತು. ಒಂದು ಸಾಲು, ಎರಡು ಸಾಲು. ಎಲ್ಲ ಅಕ್ಷರವೂ ಸ್ಪಷ್ಟ, ಎಲ್ಲ ಉಸಿರೂ ಸರಿ. ಶಬ್ದ ಮಾತ್ರ ಇಲ್ಲ.

ಅಯ್ಯೋ ದೇವರೇ ಎಂದುಕೊಂಡೆ. ಅವರಿಗೆ ಗೊತ್ತೇ ಆಗಿರಲಿಲ್ಲ. "ಆಕ್ಷನ್" ಎಂಬ ಆ ಮೂರಕ್ಷರ ಕಿವಿಗೆ ಬಿದ್ದರೆ ಅವರ ಗಂಟಲು ತಾನೇ ಮುಚ್ಚಿಕೊಳ್ಳುತ್ತಿತ್ತು, ಅಷ್ಟು ವರ್ಷದ ಅಭ್ಯಾಸ. ಸಭೆಯವರು "ಮೈಕ್! ಮೈಕ್!" ಎಂದು ಕೂಗತೊಡಗಿದರು. ಮೈಕಿನವನು ಓಡಿಹೋಗಿ ಟಕಟಕ ಬಡಿದು ನೋಡಿದ, ಸರಿಯಾಗಿಯೇ ಇತ್ತು. ಭಾವ ಆಗ ತುಟಿ ನಿಲ್ಲಿಸಿದರು. ಏನಾಯಿತೆಂದು ಅವರಿಗೂ ಗೊತ್ತಾಯಿತು. ಶಬ್ದ ತೆಗೆಯಲು ನೋಡಿದರು, ದೀಪದ ಕಡೆ ಕಣ್ಣು ಹೋಯಿತು, ಮತ್ತೆ ಬರೀ ತುಟಿ. ಹಣೆಯಲ್ಲಿ ಬೆವರು. ಪತ್ರಿಕೆಯವನು ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಕ್ಕ.

ಪ್ರಕಾಶಕರು ಬಗ್ಗಿಕೊಂಡು ನನ್ನ ಹತ್ತಿರ ಬಂದು ಕೈಗೆ ಇನ್ನೊಂದು ಮೈಕ್ ತುರುಕಿದರು. "ನೀವು ಹೇಳ್ಬಿಡಿ ಸಾರ್, ಮಾನ ಉಳ್ಸಿ. ತುಟಿ ಸರಿಯಾಗೇ ಇದೆ!"

ತುಟಿ ಸರಿಯಾಗಿಯೇ ಇತ್ತು, ನಿಜ. ಕಲಿಸಿ ಕಲಿಸಿ ಆ ಪದ್ಯ ನನಗೂ ಬಾಯಿಗೆ ಬಂದಿತ್ತು. ನನ್ನ ಎದೆ ಆಗಲೇ ಉಸಿರು ತುಂಬಿಕೊಂಡುಬಿಟ್ಟಿತ್ತು. ನಾನು ಹೇಳಿದ್ದರೆ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿತ್ತು, ಭಾವನ ಮಾನವೂ ಉಳಿಯುತ್ತಿತ್ತು, ಮತ್ತು ಅವರು ಇನ್ನು ಯಾವತ್ತೂ ಒಂದು ಸಾಲು ಬರೆಯುತ್ತಿರಲಿಲ್ಲ. ಅಕ್ಕ ನನ್ನ ಕಡೆ ನೋಡಿದಳು. ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಭಯ.

ನಾನು ಎದ್ದು ನಿಂತೆ. ಮೈಕ್ ಬಾಯಿಗಿಟ್ಟು, ರೈಲು ನಿಲ್ದಾಣದಲ್ಲೂ ತೆಗೆಯದ ದನಿಯಲ್ಲಿ ಅರಚಿದೆ: "ಕಟ್!"

ಸಭಾಂಗಣ ನಡುಗಿತು. ಎಲ್ಲರೂ ತಿರುಗಿ ನೋಡಿದರು. ವೇದಿಕೆಯ ಮೇಲೆ ಗುಡುಗಪ್ಪ, ಗುಡುಗು ಮಾತ್ರ ಇಲ್ಲಿ, ಬೋಳುತಲೆಯ ಒಬ್ಬ ಕುಳ್ಳನ ಬಾಯಲ್ಲಿ. ಕ್ಯಾಮೆರಾದವನು ಆಜ್ಞೆ ಬಂತೆಂದು ದೀಪ ಆರಿಸಿದ. ಭಾವ ನಿದ್ದೆಯಿಂದ ಎದ್ದವರಂತೆ ಕಣ್ಣು ಪಿಳುಕಿಸಿದರು.

"ಮೊದಲಿಂದ ಭಾವ" ಎಂದೆ. "ಈ ಸಲ ಶಬ್ದ ಸಮೇತ." ಮೈಕ್ ಪ್ರಕಾಶಕರ ಕೈಗೆ ವಾಪಸ್ ಕೊಟ್ಟೆ. ಕೊಟ್ಟೆ ಎನ್ನುವುದಕ್ಕಿಂತ ಎಸೆದೆ.

ಭಾವ ಹೊಟ್ಟೆಯವರೆಗೆ ಉಸಿರು ಎಳೆದುಕೊಂಡು ಶುರು ಮಾಡಿದರು.

"ಸತ್ತ ಪಾತ್ರಗಳ ಅಂಗಿಗಳನ್ನೆಲ್ಲ
ತೊಳೆದು ಹರವಿದ್ದಾರೆ ಹಿತ್ತಲಲ್ಲಿ."

ಕಿರ್ರೆನ್ನುವ ಧ್ವನಿ ಮೈಕಿನಿಂದ ಹೊರಟು ಮೂಲೆ ಮೂಲೆಗೂ ಹೋಯಿತು. ಆಮೇಲೆ ನಗು. ಮೊದಲು ಮೆಟ್ಟಿಲ ಮೇಲೆ, ಆಮೇಲೆ ಎಲ್ಲ ಕಡೆ. ಹಿಂದಿನಿಂದ ಒಬ್ಬ ಎದ್ದು ಕೂಗಿದ: "ಮೋಸ! ಇದು ಅವರ ಧ್ವನಿ ಅಲ್ಲ!"

ನನಗೆ ಸಿಟ್ಟು ನೆತ್ತಿಗೇರಿತು. ಅವನ ಕಡೆ ನುಗ್ಗಲು ಹೊರಟವನನ್ನು ಅಕ್ಕ ಅಂಗಿ ಹಿಡಿದು ಕೂರಿಸಿದಳು. ಅಷ್ಟರಲ್ಲಿ ವೇದಿಕೆಯಿಂದ ಮಾತು ಬಂತು.

"ನಂದೇ ಕಣಪ್ಪಾ" ಎಂದರು ಭಾವ. "ಇಷ್ಟು ವರ್ಷ ಮನೇಲಿಟ್ಟಿದ್ದೆ. ಬಳಸಿಲ್ಲ ನೋಡು, ಅದಕ್ಕೆ ಇನ್ನೂ ಕಿರ್ ಅನ್ನುತ್ತೆ."

ಆ ಮಾತನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಜನ ಮತ್ತೆ ನಕ್ಕರು. ಈ ಸಲದ ನಗುವಿನಲ್ಲಿ ಭಾವನೂ ಇದ್ದರು.

"ನೀವು ಗುಡುಗು ಅಂತೀರಲ್ಲ" ಎಂದು ಕೈ ಚಾಚಿ ನನ್ನನ್ನು ತೋರಿಸಿದರು, "ಅದು ಅಲ್ಲಿ ಕೂತಿದೆ. ನನ್ನ ಭಾವಮೈದುನ. ನೀವು ಹೆದರಿದ್ದು ಅವನಿಗೆ, ಅತ್ತಿದ್ದು ಅವನ ದನಿಗೆ. ಸಿನಿಮಾದಲ್ಲಿ ಅವನ ಹೆಸರು ಹಾಕ್ಲಿಲ್ಲ, ನಾನು ಹೇಳ್ತಿದೀನಿ. ಪದ್ಯ ಮಾತ್ರ ನಂದು. ಹೇಗಿದ್ರೂ ನಂದೇ. ಕೇಳಿ."

ಕೇಳಿದರು.

"ಗಾಳಿ ಬಂದರೆ ತೋಳು ಬೀಸುತ್ತವೆ,
ಯಾರನ್ನೂ ಕರೆಯುವುದಿಲ್ಲ.
ಅದರಲ್ಲಿ ನನ್ನದೂ ಒಂದಿತ್ತು,
ಗುಂಡಿ ಕಿತ್ತದ್ದು, ಎದೆ ತೂತಾದದ್ದು.
ಮರೆತು ಅದನ್ನೇ ತೊಟ್ಟು ಮನೆಗೆ ಬಂದೆ.
ನೀನು ಬಾಗಿಲಲ್ಲೇ ಗುರುತು ಹಿಡಿದೆ,
ಸತ್ತವನಾರು, ಹಸಿದವನಾರು ಎಂದು."

ಕೊನೆಯ ಸಾಲಿನಲ್ಲಿ ಧ್ವನಿ ಒಡೆಯಿತು. ನಿಲ್ಲಲಿಲ್ಲ, ನೀರು ಕೇಳಲಿಲ್ಲ. ಒಡೆದ ಧ್ವನಿಯಲ್ಲೇ ಮುಗಿಸಿದರು. ಪಕ್ಕದಲ್ಲಿ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಮಾರನೇ ದಿನ ಆ ಗುಂಡಿ ಹೊಲಿದಿದ್ದು ನಾನು, ಅದನ್ನ ಬರೀಲಿಲ್ಲ ನೋಡು" ಎಂದಳು. ಚಪ್ಪಾಳೆ ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಪತ್ರಿಕೆಯವನು ಕಾಲು ಕೆಳಗಿಳಿಸಿದ್ದ.

ಚಪ್ಪಾಳೆ ಇಳಿದ ಮೇಲೆ, ಮೋಸ ಎಂದು ಕೂಗಿದವನೇ ಮತ್ತೆ ಎದ್ದ. ಕಳ್ಳನಗೆಯಿಂದ ನನ್ನ ಕಡೆ ನೋಡಿ, "ಸಾರ್, ಒಂದೇ ಒಂದ್ಸಲ! ನಿಲ್ಲಿಸಿ ಅಂತ ಹೇಳಿ ಸಾರ್!" ಎಂದ. ಸಭೆಯೆಲ್ಲ "ಹೂಂ, ಹೂಂ" ಎಂದಿತು. ಜೀವಮಾನದಲ್ಲಿ ಮೊದಲ ಸಲ ನನ್ನ ಮುಖ ನೋಡಿ ನನ್ನ ಧ್ವನಿ ಕೇಳುವವರಿದ್ದರು. ಎದ್ದು ನಿಂತೆ. ಎದೆ ತುಂಬ ಉಸಿರು ತೆಗೆದುಕೊಂಡು ಬಾಯಿ ತೆರೆದೆ.

ಶಬ್ದ ಬರಲಿಲ್ಲ. ಜ್ವರದಲ್ಲೂ ಕೈಕೊಡದ ಗಂಟಲು ಕಟ್ಟಿಕೊಂಡಿತ್ತು. ಕಣ್ಣಲ್ಲಿ ನೀರು, ತುಟಿ ಮಾತ್ರ ಆಡುತ್ತಿತ್ತು.

ವೇದಿಕೆಯ ಮೇಲಿಂದ ಭಾವ ನನ್ನ ತುಟಿ ನೋಡಿದರು. ಅರ್ಧ ಉಸಿರು ಮೊದಲೇ ಹಿಡಿದು, ತುಟಿ ತೆರೆದಾಗ ತೆರೆದು, ಮುಚ್ಚಿದಾಗ ಮುಚ್ಚಿ, ಒಂದಕ್ಷರ ಆಚೀಚೆಯಾಗದಂತೆ, ತಮ್ಮ ಆ ಕಿರ್ರೆನ್ನುವ ಧ್ವನಿಯಲ್ಲಿ ನನ್ನ ಬಾಯಿಗೆ ಮಾತು ಕೊಟ್ಟರು: "ನಿಲ್ಲಿಸಿ!"